ಕೂದಲಿನ ಹಗ್ಗ

ಆ ಊರಿನಲ್ಲಿ ಮನೆಗಳು ಬೆಳೆಯುತ್ತಿದ್ದವು. ಕಾಲುವೆಯಲ್ಲಿ ಬೆಲ್ಲದ ನೀರು ಬರುತ್ತಿತ್ತು. ಅದನ್ನು ಕುಡಿದು ಜನ ಗೋಡೆ ಕಟ್ಟುತ್ತಿದ್ದರು. ಮನೆ ಉದ್ದಕ್ಕೆ ಬೆಳೆದು ಬೆಳೆದು, ಒಂದು ದಿನ ನಡುವೆ ಅಡ್ಡಗೋಡೆ ಏಳುತ್ತಿತ್ತು. ಒಂದು ಮನೆ ಎರಡಾಗುತ್ತಿತ್ತು. ಆ ಎರಡೂ ಮತ್ತೆ ಉದ್ದಕ್ಕೆ ಬೆಳೆಯುತ್ತಿದ್ದವು. ಕಟ್ಟುವುದು ಬಿಟ್ಟರೆ ಆ ಜನಕ್ಕೆ ಬೇರೆ ಗೊತ್ತಿರಲಿಲ್ಲ. ಉಣ್ಣುವಾಗಲೂ ಒಂದು ಕೈ ತುತ್ತಿನಲ್ಲಿ, ಇನ್ನೊಂದು ಕೈ ಗಾರೆಯಲ್ಲಿ. ನಿಲ್ಲುವುದು ಆ ಕೈಗಳಿಗೆ ಬಾರದು. ನಿಲ್ಲು ಎಂದು ಕೈಯ ಒಡೆಯನೇ ಹೇಳಿದರೂ ಬಾರದು.

ನಿಲ್ಲಿಸುವುದಕ್ಕೆ ಕಲ್ಲು ಇತ್ತು.

ಪ್ರತಿ ಮನೆಯಲ್ಲಿ, ಬೀಸುಕಲ್ಲಿನ ನೇರಕ್ಕೆ ಮೇಲೆ, ತೊಲೆಯಿಂದ ಒಂದು ಕಲ್ಲಿನ ಕೈ ತೂಗುತ್ತಿತ್ತು. ಅಂಗೈ ಕೆಳಗೆ, ಬೆರಳು ಅಗಲಿಸಿ. ಕೆತ್ತಿದವರು ಯಾರೋ, ತೂಗಿಬಿಟ್ಟವರು ಯಾರೋ. ಹೊಸ ಮನೆ ಹುಟ್ಟಿದಾಗ ಅದರ ತೊಲೆಯಲ್ಲಿ ಹೊಸ ಕೈ ಆಗಲೇ ಇರುತ್ತಿತ್ತು. ಆ ಕೈ ಬಿದ್ದು ಬೀಸುಕಲ್ಲನ್ನು ಹಿಡಿದರೆ ಕಲ್ಲು ತಿರುಗದು. ಕಲ್ಲು ತಿರುಗದಿದ್ದರೆ ಮನೆ ನಿಂತಿತು. ಒಳಗಿದ್ದವರು ಇದ್ದಲ್ಲೇ ಇದ್ದ ಹಾಗೇ ನಿಂತರು. ಸತ್ತವರೂ ಅಲ್ಲ, ಬದುಕಿದವರೂ ಅಲ್ಲ.

ಕೈಯನ್ನು ಮೇಲೆ ಹಿಡಿದಿಟ್ಟದ್ದು ಹಸಿಹುಲ್ಲಿನ ಹಗ್ಗ. ಹುಲ್ಲು ಒಣಗಿದರೆ ಹಗ್ಗಕ್ಕೆ ಬಲವಿಲ್ಲ. ಅದಕ್ಕೇ ಮನೆಗೊಬ್ಬಳು ನಿತ್ಯ ಹೊಸೆಯಬೇಕು, ಹೊಸದನ್ನು ಕಟ್ಟಿ ಹಳೆಯದನ್ನು ಬಿಚ್ಚಬೇಕು. ಕಲ್ಲಿಗೆ ಸಾವಿಲ್ಲ, ಹಗ್ಗಕ್ಕೆ ನಾಳೆಯಿಲ್ಲ. ಊರಿನ ಕಟ್ಟಳೆ ಇದೊಂದೇ.

ಬಿಚ್ಚಿದ ಹಗ್ಗ ಅಗಿಯುವವನಿಗೆ. ಅವನಿಗೆ ಮನೆಯಿಲ್ಲ, ಗೋಡೆಯಿಲ್ಲ. ಅಗಲವಾದ ಬಾಯಿ, ದಪ್ಪ ಹಲ್ಲು. ಬೆಳಗಾದರೆ ಬಾಗಿಲಿಂದ ಬಾಗಿಲಿಗೆ ಬರುತ್ತಿದ್ದ. ಅಗಿದಗಿದು ಮೆತ್ತಗಾದ ನಾರನ್ನು ಉಗಿದು ಕೊಡುತ್ತಿದ್ದ. ಅದನ್ನೇ ಹೊಸ ಹುಲ್ಲಿನ ಜೊತೆ ಸೇರಿಸಿ ಹೊಸೆಯಬೇಕು.

"ನಿನ್ನೇದು ಕೊಡಕ್ಕ."

"ನಿನ್ನೇದು ನಿಂಗೆ. ಇವತ್ತಿಂದು ಕಲ್ಲಿಗೆ. ನಂಗೇನು ಉಳೀತೋ, ಹಾಳುಬಾಯಿ?"

"ನಾರು ಉಳೀತದಲ್ಲಕ್ಕ."

"ನಿನ್ನ ಎಂಜಲು!"

ಹೀಗೆ ದಿನಾ ಬೈಯುತ್ತಿದ್ದವಳು ಸಾಲಿನ ನಡುಮನೆಯ ಹೊಸೆಯುವವಳು. ಅವಳ ಎಡಕ್ಕೆ ತಂಗಿಯ ಮನೆ, ಬಲಕ್ಕೆ ಮಗಳ ಮನೆ. ಮೂರೂ ಹಿಂದೆ ಒಂದೇ ಮನೆಯಾಗಿದ್ದವು. ಮೊದಲ ಅಡ್ಡಗೋಡೆ ತಂಗಿಯನ್ನು ಆಚೆ ಮಾಡಿತು, ಎರಡನೆಯದು ಮಗಳನ್ನು. ಗೋಡೆಗೆ ಕಿವಿಯಿಟ್ಟರೆ ಮಗಳ ಕರಣೆ ಗಾರೆ ಸವರುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೇ ಅವಳು ಮೊದಲ ಎಳೆ ತೆಗೆಯುತ್ತಿದ್ದಳು.

ಎಡಗೋಡೆಯಿಂದ ಸದ್ದು ಬರುತ್ತಿರಲಿಲ್ಲ.

ಹಿಂದೊಮ್ಮೆ ಕಾಲುವೆ ಬತ್ತಿತ್ತು. ಕಾಲುವೆ ಸಣ್ಣಗಾದರೆ ಊರ ಯಜಮಾನ ತಮಟೆ ಬಡಿಯುತ್ತಾನೆ. ತಮಟೆ ಕೇಳಿದರೆ ಅಗಿಯುವವನ ಹಸಿವು ಇಮ್ಮಡಿಯಾಗುತ್ತದೆ. ಊರಿಗೆ ನಾರು ಬೇಕು, ಹುಲ್ಲು ಸಾಲದು, ಅಗಿ ಎನ್ನುತ್ತದೆ ತಮಟೆ. ಅಂದು ಅವನು ಬೆಳಿಗ್ಗೆಯೂ ಬಂದ, ಮಧ್ಯಾಹ್ನವೂ ಬಂದ. ಬಿಚ್ಚಿದ್ದನ್ನು ಅಗಿದ, ಕಟ್ಟಿದ್ದಕ್ಕೂ ಬಾಯಿ ಹಾಕಿದ. ತಂಗಿ ಒಲೆಯ ಮುಂದೆ ಸೌಟು ಎತ್ತಿ ಏನೋ ಹೇಳುತ್ತಿದ್ದಳು. ಹಗ್ಗ ಹರಿಯಿತು. ಕೈ ಬಿತ್ತು. ಸೌಟು ಎತ್ತಿದಲ್ಲೇ, ಬಾಯಿ ತೆರೆದಲ್ಲೇ.

ಊರಿನವರು ಆ ಹೊಸ್ತಿಲಿಗೆ ರಂಗೋಲಿ ಹಾಕುವುದನ್ನು ಬಿಟ್ಟರು. ಅದರ ಮುಂದೆ ಹಾಯುವಾಗ ಸೆರಗನ್ನು ಎಳೆದುಕೊಂಡರು. ಹೊಸೆಯುವವಳು ಮಾತ್ರ ದಿನಾ ಹೋಗಿ ತಂಗಿಯ ಮುಖ ಒರೆಸಿ, ಸೌಟಿನ ಧೂಳು ಒರೆಸಿ ಬರುತ್ತಿದ್ದಳು. ತೂಗುವ ಕೈಗೆ ಯಾರು ಹೊಸೆದ ಹಗ್ಗವಾದರೂ ನಡೆಯುತ್ತದೆ. ಬಿದ್ದ ಕೈಯನ್ನು ಎತ್ತಲು ಮಾತ್ರ ಆ ಮನೆಯವಳ ಬೆರಳೇ ಬೇಕು. ನಿಂತವಳ ಬೆರಳು ಪೂರಾ ನಿಂತಿರುವುದಿಲ್ಲ. ತಂಗಿಯ ಎಡಗೈ ಬೆರಳುಗಳು, ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ, ಮಡಿಲಲ್ಲಿದ್ದ ಹುಲ್ಲನ್ನು ಹೊಸೆಯುತ್ತಿದ್ದವು. ಒಂದು ಎಳೆಗೆ ಒಂದು ಕಾರು, ಒಂದು ಬೆಳೆಯ ಕಾಲ.

ಕಾಲುವೆ ತುಂಬಿ ಹರಿಯತೊಡಗಿ ಎಷ್ಟೋ ಕಾಲವಾದ ಮೇಲೆ ಒಂದು ಬೆಳಿಗ್ಗೆ ಹೋದಾಗ, ತಂಗಿಯ ಮಡಿಲಲ್ಲಿ ಎಳೆ ಇರಲಿಲ್ಲ. ಅಗಿಯುವವನು ಜಗುಲಿಯಲ್ಲಿ ಕೂತು ಬಾಯಾಡಿಸುತ್ತಿದ್ದ.

"ಅವಳದ್ದೂ ತಿಂದ್ಯಾ?"

"ನಿನ್ನೇದಲ್ವಾ ಅಕ್ಕ."

"ಕಾರುಗಟ್ಟಲೆ ಹೊಸೆದಿದ್ದೋ ಅದು!"

"ಹೌದು. ಪೂರಾ ನಿನ್ನೇದು." ಅವನು ಬಾಯಿ ಒರೆಸಿಕೊಂಡ. "ನಾನು ಅಗಿಯೋನಕ್ಕ. ಯಾರದು ಅಂತ ನೋಡೋನಲ್ಲ."

ಅವಳು ಪೊರಕೆ ತೆಗೆದುಕೊಂಡು ಅವನನ್ನು ಬೀದಿಯ ಕೊನೆಯವರೆಗೆ ಅಟ್ಟಿದಳು. ತಿರುಗಿ ಬರುವಾಗ ಮಗಳ ಮನೆಯ ಮುಂದೆ ನಿಂತಳು. ಮಗಳು ಗೋಡೆಯ ಮೇಲೆ ಕೂತು ಗಾರೆ ಹಚ್ಚುತ್ತಾ, "ಮಾಮನ್ನ ಯಾಕಮ್ಮ ಹಂಗೆ ಓಡಿಸ್ತೀಯಾ? ಪಾಪ, ಹಲ್ಲಿನಷ್ಟೇ ಬುದ್ಧಿ ಅವನಿಗೆ" ಎಂದು ನಕ್ಕಳು. ಮಗಳ ತಲೆಯ ಹಿಂದೆ, ಬಾಗಿಲೊಳಗೆ, ಕಲ್ಲಿನ ಕೈ ಹುಲ್ಲಿನ ಹಗ್ಗದಲ್ಲಿ ಮೆಲ್ಲಗೆ ತೂಗುತ್ತಿತ್ತು.

ಹೊಸೆಯುವವಳು ಮನೆಗೆ ಬಂದು ಕತ್ತರಿ ಹುಡುಕಿದಳು.

ಮೊಣಕಾಲು ಮುಟ್ಟುವ ಕೂದಲು ಅವಳದ್ದು. ಬುಡಕ್ಕೆ ಕತ್ತರಿಸಿದಳು. ಅದನ್ನು ಮೂರೆಳೆ ಮಾಡಿ, ಎಣ್ಣೆ ಸವರಿ, ಹಲ್ಲು ಕಚ್ಚಿಕೊಂಡು ಹೊಸೆದಳು. ಒಂದು ತಲೆಗೆ ಒಂದೇ ಹಗ್ಗ ಆಯಿತು. ಅದನ್ನು ಮಗಳ ಮನೆಯ ಕಲ್ಲಿಗೆ ಕಟ್ಟಿದಳು. ಮರುದಿನ ಅಗಿಯುವವನು ಬಂದು ಬಾಯಿ ಹಾಕಿದ. ಅಗಿದ. ಮತ್ತೆ ಅಗಿದ. ಹೊರಗೆ ತೆಗೆದು ನೋಡಿದ. ಒಂದು ಎಳೆಯೂ ಹರಿದಿರಲಿಲ್ಲ.

"ಅಕ್ಕ, ಇದು ಬೇಡ."

"ಯಾಕೆ? ಹೊಟ್ಟೆ ಉರೀತದಾ?"

"ಯಾಕೆ ಅಂತ ನಂಗೊತ್ತಿಲ್ಲ. ಬೇಡ ಅನ್ನಿಸ್ತದೆ."

"ನಿಂಗೆ ಅನ್ನಿಸೋದೂ ಉಂಟಾ?" ಎಂದು ಅವಳು ನಕ್ಕಳು. ಎಷ್ಟೋ ಕಾಲದ ಮೇಲೆ ಬಂದ ನಗು ಅದು.

ಬೀದಿಯ ಹೆಂಗಸರು ಮೊದಲು ಆಡಿಕೊಂಡರು. "ಯಾರು ಸತ್ತರು ಅಂತ ಬೋಳಿಸ್ಕೊಂಡ್ಯೇ?" ಎಂದು ಕೇಳಿದರು. ಆಮೇಲೆ, ಮಗಳ ಮನೆ ದಿನದ ಹೊಸೆತವಿಲ್ಲದೆ ಎಲ್ಲರ ಗೋಡೆಗಿಂತ ಬೇಗ ಉದ್ದವಾಗುವುದನ್ನು ಕಂಡು, ಒಬ್ಬೊಬ್ಬಳೇ ಕತ್ತರಿ ಕೇಳಲು ಬಂದರು. ಬೋಳುತಲೆಯ ಬೀದಿ ಎಂದು ಹೆಸರಾಯಿತು. ಯಜಮಾನ ತಾನೇ ಬಂದ. ಬೆಳೆದ ಗೋಡೆಗಳ ಮೇಲೆ ಕೈಯಾಡಿಸಿದ. ಅವಳ ಬೋಳುತಲೆಯ ಮೇಲೆ ಎಲ್ಲರೆದುರು ಶಾಲು ಹೊದಿಸಿದ.

"ಊರಿನ ಗೋಡೆಗೆ ನಿನ್ನ ಕೂದಲೇ ಬಲ ಕಣವ್ವ."

"ನಿಮ್ಮ ಮನೆಗೂ ಒಂದು ಹೊಸೆದು ಕೊಡಿಸ್ತೀನಿ ಯಜಮಾನ್ರೇ."

"ನಮಗೆ ಬೇಡ ತಾಯಿ. ಹಳೇ ಮನೆ, ಹಳೇ ಪದ್ಧತಿ. ಹುಲ್ಲೇ ಇರಲಿ."

ದೊಡ್ಡವರ ಸರಳತೆ ಎಂದುಕೊಂಡಳು.

ಅವಳ ಸ್ವಂತ ಕಲ್ಲು ಮಾತ್ರ ಹುಲ್ಲಿನ ಹಗ್ಗದಲ್ಲೇ ಇತ್ತು. ಕೂದಲು ಇನ್ನೂ ಬೆರಳಿನುದ್ದ ಬೆಳೆದಿರಲಿಲ್ಲ. ಬೇರೆಯವರ ಕೂದಲು ಕೇಳಲು ಮನಸ್ಸು ಬರಲಿಲ್ಲ. ಮಗಳದ್ದು ಭದ್ರವಾಗಿದೆ, ಸಾಕು.

ಕಾಲುವೆ ಮತ್ತೆ ಸಣ್ಣಗಾಯಿತು. ತಮಟೆ ಸದ್ದು ಕೇಳಿತು. ಗಾಳಿಯಲ್ಲಿ ಸುಣ್ಣದ ವಾಸನೆಯಿತ್ತು. ಎಲ್ಲೋ ಸುಣ್ಣದ ಗೂಡು ಸುಡುತ್ತಿರಬೇಕು ಎಂದರು ಜನ. ಹೊಸೆಯುವವಳು ಹುಲ್ಲು ತರಲು ಹೋದಾಗ ಯಜಮಾನನ ಅಂಗಳ ಕಂಡಿತು. ಕಿಟಕಿಗಳಿಗೆ ಅಡ್ಡಪಟ್ಟಿ ಬಡಿಯುತ್ತಿದ್ದರು. ಒಳಗೆ ಚಾಪೆ ಹಾಸುತ್ತಿದ್ದರು. ಹೆಂಗಸರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳುತ್ತಿದ್ದರು.

"ಮದುವೆಯೇನವ್ವ?" ಎಂದು ಅವನ ಸೊಸೆಯನ್ನು ಕೇಳಿದಳು.

ಸೊಸೆ ತಲೆ ತಗ್ಗಿಸಿದಳು. "ಮಾವ ಎಲ್ಲರೂ ಬಂದು ಕೂತ್ಕೊಳ್ಳಿ ಅಂದ್ರು. ಅಷ್ಟೇ ಗೊತ್ತು."

ಮನೆಗೆ ಬಂದರೆ ಅಗಿಯುವವನು ಬಾಗಿಲಲ್ಲಿದ್ದ. ಕಣ್ಣು ಕೆಂಪಾಗಿತ್ತು. ಬೀದಿಯುದ್ದಕ್ಕೂ ಕೂದಲು, ಅವನ ಇಡೀ ಹಸಿವಿಗೆ ಉಳಿದದ್ದು ಅವಳ ಹುಲ್ಲೊಂದೇ. ಅವಳು ಪೊರಕೆ ಎತ್ತಿದಳು. ಅವನು ಒಳಗೆ ನುಗ್ಗಿದ.

"ಬಾಯಿಹರುಕಾ! ನಿನ್ನ ಹಲ್ಲು ಉದುರಿ..."

ಹಗ್ಗ ಹರಿಯಿತು. ಕಲ್ಲಿನ ಕೈ ಬಿತ್ತು. ಪೊರಕೆ ಎತ್ತಿದಲ್ಲೇ, ಬೈಗುಳ ಅರ್ಧದಲ್ಲೇ. ಬಲಗೋಡೆಯ ಆಚೆ ಮಗಳ ಕರಣೆ ಸವರುತ್ತಿತ್ತು. ಆ ಸದ್ದು ಕೇಳುತ್ತಾ ಅವಳು ನಿಂತಳು.

*

"...ಹೋಗ!"

ಪೊರಕೆ ಕೆಳಗೆ ಬಂತು. ಎದುರಿಗೆ ಯಾರೂ ಇರಲಿಲ್ಲ. ಕಲ್ಲಿನ ಕೈ ಮೇಲೆ ತೂಗುತ್ತಿತ್ತು, ಒರಟು ಎಳೆಗಳ ಹಗ್ಗದಲ್ಲಿ. ಅವಳ ಬೆರಳುಗಳು ನೋಯುತ್ತಿದ್ದವು. ಎಲ್ಲದರ ಮೇಲೂ ಬಿಳಿಯ ಹಕ್ಕಳೆ ಒಣಗಿತ್ತು.

ಅವಳು ಮೊದಲು ಬಲಗೋಡೆಗೆ ಕಿವಿಯಿಟ್ಟಳು. ಸದ್ದಿರಲಿಲ್ಲ.

ಹೊರಗೆ ಬಂದಳು. ಬೀದಿ ಇರಲಿಲ್ಲ. ಗೋಡೆಗಳು ಒಳಗಿನಿಂದ ಒಡೆದಿದ್ದವು. ಬಲಿತ ಕಾಯಿ ಸಿಡಿಯುವ ಹಾಗೆ ಮನೆಮನೆಯೂ ಸಿಡಿದು ಚೆಲ್ಲಿತ್ತು. ಬಲಕ್ಕೆ, ಮಗಳ ಮನೆ ಇದ್ದಲ್ಲಿ, ಎರಡು ಕಂಬ, ಅದರ ಮೇಲೊಂದು ತೊಲೆ ಉಳಿದಿದ್ದವು. ತೊಲೆಯಿಂದ ಕಲ್ಲಿನ ಕೈ ತೂಗುತ್ತಿತ್ತು. ಕೂದಲಿನ ಹಗ್ಗ ಹೊಸದರ ಹಾಗೇ ಹೊಳೆಯುತ್ತಿತ್ತು. ಕೆಳಗೆ ಗೋಡೆಯ ರಾಶಿ. ರಾಶಿಯ ಅಡಿಯಿಂದ ಕರಣೆ ಹಿಡಿದ ಒಂದು ಕೈ ಹೊರಗೆ ಬಂದಿತ್ತು.

ಅವಳು ಮಣ್ಣು ತೆಗೆದಳು. ಎಷ್ಟು ಹೊತ್ತು ತೆಗೆದಳೋ. ಮುಖ ಸಿಕ್ಕಿತು, ಬಿಳಿಯೊಳಗೆ ಕೆಡದೆ. ಸೆರಗಿನಿಂದ ಒರೆಸಿದಳು. ಬಿಳಿ ಹೋಗಲಿಲ್ಲ.

ಹಿಂದೆ ಯಾರೋ ನಿಂತ ಹಾಗಾಯಿತು. ಅಗಿಯುವವನು. ಬಾಯಿ ಒಳಕ್ಕೆ ಕುಸಿದಿತ್ತು. ಮುಂದಿನ ಹಲ್ಲುಗಳೆಲ್ಲ ಮುರಿದಿದ್ದವು.

"ಬಿಳಿ ಬಿತ್ತಕ್ಕ," ಎಂದ. "ಮಳೆ ಥರ. ಸುಣ್ಣ ಅಂದ್ಕೊಂಡ್ರು. ಪುಕ್ಕಟೆ ಸುಣ್ಣ ಅಂತ ಕುಣಿದ್ರು. ಗಾರೆಗೆ ಕಲಸಿದ್ರು. ಕಟ್ಟಿದ ಗೋಡೆ ಅಲ್ಲೇ ಬಿರೀತು. ಮೊದಲನೇ ಮನೆ ಸಿಡಿದಾಗಲೇ ನಿನ್ನ ಮಗಳಿಗೆ ಗೊತ್ತಾಯ್ತು. ನಿನ್ನ ಮನೆ ನೋಡಿದ್ಲು, ಚಿಕ್ಕಮ್ಮನ ಮನೆ ನೋಡಿದ್ಲು. ನಿಂತ ಮನೆಗೆ ಏನೂ ಆಗಿರ್ಲಿಲ್ಲ. ಕಲಸೋರಿಲ್ಲ, ಕಟ್ಟೋರಿಲ್ಲ, ಬಿಳಿ ಸುಮ್ನೆ ಮೇಲೆ ಬಿದ್ದು ಜಾರ್ತಿತ್ತು. ನನ್ನ ಕರೆದ್ಲು."

"ಏನಂದ್ಲು?"

"ಬೇಗ ಅಗಿ ಮಾಮ, ಅಂದ್ಲು. ಬಿಚ್ಚೋಣ ಅಂದ್ರೆ ಅವಳ ಕೈ ಗಾರೆ ಬಿಡ್ಲಿಲ್ಲ, ಕಟ್ತಾನೇ ಇತ್ತು. ಬೇಡ ಬೇಡ ಅಂತ ಅಳ್ತಾ ಕಟ್ತಿದ್ಲು. ನಂಗೆ ಬಿಚ್ಚೋಕೆ ಬರಲ್ಲ, ಅಗಿದೆ ಅಕ್ಕ." ಅವನು ಬಾಯಿ ತೆರೆದು ತೋರಿಸಿದ. "ಒಂದೊಂದಾಗಿ ಮುರಿದ್ವು. ನೀನು ಚೆನ್ನಾಗಿ ಹೊಸೆದಿದ್ದೆ."

ಅವಳಿಗೆ ಪೊರಕೆ ಬೇಕಾಗಿತ್ತು. ಕೈಯಲ್ಲಿ ಇರಲಿಲ್ಲ. ಬರಿಗೈಯಿಂದಲೇ ಅವನ ಎದೆಗೆ ಗುದ್ದಿದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಗುದ್ದಿ ಗುದ್ದಿ ಕೈ ಸೋತಿತು, ಸಿಟ್ಟು ಸೋಲಲಿಲ್ಲ.

"ನಾನು ಹೆಂಗೆದ್ದೆ?" ಎಂದು ಕೊನೆಗೆ ಕೇಳಿದಳು.

"ಹಲ್ಲಿಲ್ವಲ್ಲ. ನಿಂತ ಮನೆಗಳ ಎಳೆ ಅಗಿಯೋಕೆ ಆಗ್ಲಿಲ್ಲ. ಎಳೆ ಸೇರ್ತಾ ಬಂತು, ಹಗ್ಗ ಆಯ್ತು, ಕಲ್ಲು ಎದ್ದಿತು. ನೀನೂ ಎದ್ದೆ. ಎಲ್ಲರೂ ಏಳ್ತಿದ್ದಾರೆ. ಎಲ್ಲರೂ ಅಂದ್ರೆ... ಇರೋರು."

ಎಡಮನೆಯಿಂದ ಕೂಗು ಬಂತು. "ಅಕ್ಕಾ! ಹುಳಿ ಉಕ್ತಿದೆ ಅಂತ ಆಗ್ಲಿಂದ ಹೇಳ್ತಿದ್ದೀನಿ, ಕಿವಿ ಕೇಳಿಸ್ತಿಲ್ವಾ?" ತಂಗಿ ಸೌಟು ಹಿಡಿದು ಹೊಸ್ತಿಲಿಗೆ ಬಂದಳು. ಅಕ್ಕನ ತಲೆ ನೋಡಿದಳು. ಬೀದಿ ನೋಡಿದಳು. "ನಿನ್ನ ಮಗು ಎಲ್ಲೇ? ತೊಟ್ಟಿಲಲ್ಲಿ ಇತ್ತಲ್ಲ ಈಗಿನ್ನೂ," ಎಂದಳು.

ಹೊಸೆಯುವವಳು ಮಗಳ ಮನೆಯ ತೊಲೆಯ ಕೆಳಗೆ ಹೋಗಿ ಕೂದಲಿನ ಹಗ್ಗವನ್ನು ಬಿಚ್ಚಿದಳು. ಯಾರೂ ಇಲ್ಲದ ಮನೆಯ ಕಲ್ಲು ನೆಲಕ್ಕೆ ಬಿತ್ತು. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಹೊರಟಳು. ತಂಗಿ ಸೌಟಿನ ಸಮೇತ ಹಿಂದೆ ಬಂದಳು, ಅಗಿಯುವವನು ಅವಳ ಹಿಂದೆ.

ಯಜಮಾನನ ಮನೆ ಗಟ್ಟಿಯಾಗಿ ನಿಂತಿತ್ತು. ಊರಿನಲ್ಲಿ ಎದ್ದವರು, ನಾಲ್ಕಾರು ಮನೆಯವರು, ಅಂಗಳದಲ್ಲಿ ಸೇರಿದ್ದರು. ಒಬ್ಬನ ಕಿವಿಯ ಹಿಂದೆ ಅಂದು ಸಿಕ್ಕಿಸಿದ ಬೀಡಿ ಇತ್ತು. ಒಬ್ಬಳ ಮುಖಕ್ಕೆ ಅರ್ಧ ಮಾತ್ರ ಅರಿಸಿನ ಹಚ್ಚಿತ್ತು. ಯಾರೂ ನಿಲ್ಲುತ್ತೇವೆಂದು ನಿಂತವರಲ್ಲ. ಬಾಗಿಲಾಚೆ ಯಜಮಾನನ ಮನೆಯವರು ಕಂಡರು: ಚಾಪೆಯ ಮೇಲೆ ಸಾಲಾಗಿ, ತಲೆ ಬಾಚಿ, ಕೈ ಮಡಿಲಲ್ಲಿಟ್ಟು. ಆಗಷ್ಟೇ ಮೈ ಮುರಿಯುತ್ತಿದ್ದರು.

ಯಜಮಾನ ಜಗುಲಿಯ ಮೇಲೆ ನಿಂತು ಹೇಳುತ್ತಿದ್ದ: "ದುಃಖ ಬೇಡ. ಊರು ಉಳಿಯಿತು."

"ಯಾವೂರು ಯಜಮಾನ್ರೇ?"

ಜನ ದಾರಿ ಬಿಟ್ಟರು.

"ನನ್ನ ತಂಗಿ ಸೌಟು ಹಿಡಿದು ನಿಂತಿದ್ಲು. ನಾನು ಬೈತಾ ಬೈತಾ ನಿಂತೆ. ಇವಳು ನೋಡಿ, ಅರ್ಧ ಅರಿಸಿನದಲ್ಲಿ. ನೀವು ಚಾಪೆ ಹಾಸಿ, ಎಣ್ಣೆ ಹಚ್ಚಿ ಬಾಚ್ಕೊಂಡು ಕೂತ್ರಿ. ನಿಮಗೆ ಹೇಳಿದ್ಯಾರು?"

ಯಜಮಾನ ಸುತ್ತ ನೋಡಿದ. ಸುಳ್ಳು ಹೇಳಲು ಚಾಪೆಗಳು ಬಿಡಲಿಲ್ಲ.

"ನಮ್ಮಜ್ಜ ಹೇಳಿದ್ದ," ಎಂದ. "ಕಾಲುವೆ ಬತ್ತಿ, ಗಾಳಿ ಸುಣ್ಣ ನಾತಾಗ ನಿಲ್ಲಬೇಕು ಅಂತ. ಆದರೆ ಎಲ್ಲರೂ ನಿಲ್ಲೋ ಹಾಗಿಲ್ಲ ತಾಯಿ. ಬಿಳಿಗೆ ಕಟ್ಟೋ ಮನೆ ಬೇಕು. ಹೊಟ್ಟೆ ತುಂಬಿದ ಮೇಲೇ ಅದು ಹೋಗೋದು. ಯಾರಾದರೂ ಕಟ್ತಾ ಇರಲೇಬೇಕು."

"ಅದಕ್ಕೇ ನನ್ನ ಬೋಳುತಲೆಗೆ ಶಾಲು ಹೊದಿಸಿದ್ರಿ."

"ಊರಿಗೋಸ್ಕರ..."

"ಹೊಟ್ಟೆ ಎಲ್ಲಿಂದ ಬರಬೇಕು ಅದಕ್ಕೆ?" ಇದು ಅಗಿಯುವವನ ದನಿ. ಎಲ್ಲರೂ ತಿರುಗಿದರು. ಬಾಗಿಲಲ್ಲಿ ಕೇಳುವ ಮಾತೊಂದನ್ನು ಬಿಟ್ಟು ಅವನು ಬೇರೆ ಮಾತಾಡಿದ್ದನ್ನು ಊರು ಕೇಳಿರಲಿಲ್ಲ. "ನಾನು ಪೂರಾ ನೋಡ್ದೆ ಯಜಮಾನ್ರೇ. ನಾನು ಕಟ್ಟೋನಲ್ಲ, ನಂಗೇನೂ ಆಗ್ಲಿಲ್ಲ. ಎಲ್ಲ ಮನೆ ಸಿಡಿದ ಮೇಲೂ ಬಿಳಿ ಬೀಳ್ತಾನೇ ಇತ್ತು. ಆಮೇಲೆ ಮೇಲಿಂದ ಕಾಲುವೆ ನೀರು ಬಂತು, ಕೊಚ್ಕೊಂಡು ಹೋಯ್ತು. ತಿಂದೂ ಇಲ್ಲ, ಕುಡಿದೂ ಇಲ್ಲ."

"ಎಲ್ಲರೂ ನಿಂತಿದ್ರೆ?" ಎಂದು ಹೊಸೆಯುವವಳು ಕೇಳಿದಳು. ಅವನನ್ನು ಅಲ್ಲ, ಯಜಮಾನನನ್ನೇ ನೋಡುತ್ತಾ.

"ಎಲ್ಲರೂ ಇರ್ತಿದ್ರು ಅಕ್ಕ."

ಅಂಗಳದಲ್ಲಿ ಯಾರೋ ಅತ್ತರು. ಯಜಮಾನ ಕೈ ಮುಗಿದ. "ನಂಗೆ ಗೊತ್ತಿರಲಿಲ್ಲ. ಅಜ್ಜ ಹೇಳಿದ್ದು ಹಾಗೆ. ಒಬ್ಬರಾದರೂ ಉಳೀಬೇಕಲ್ಲ, ಮುಂದಿನವರಿಗೆ ಹೇಳೋಕೆ."

"ನಿಮ್ಮಜ್ಜ ಹೇಳೋಕೆ ಉಳಿದ. ನಿಮ್ಮಪ್ಪ ಹೇಳೋಕೆ ಉಳಿದ. ನೀವೂ ಹೇಳೋಕೆ ಉಳಿದ್ರಿ." ಅವಳು ಜಗುಲಿ ಹತ್ತಿದಳು. "ಹೇಳಿದ್ರಾ?"

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ.

ಅವಳು ಒಳಗೆ ಹೋದಳು. ಯಾರೂ ತಡೆಯಲಿಲ್ಲ. ಚಾಪೆ ತುಳಿದು, ಬೀಸುಕಲ್ಲಿನ ಮೇಲೆ ಕಾಲಿಟ್ಟು, ತೊಲೆಗೆ ಕೈ ಚಾಚಿದಳು. ಯಜಮಾನನ ಕಲ್ಲಿನ ಕೈಗೆ ಕೂದಲಿನ ಹಗ್ಗ ಸುತ್ತಿದಳು. ಸುತ್ತಿದ ಮೇಲೆ ಗಂಟು, ಗಂಟಿನ ಮೇಲೆ ಗಂಟು. ಆಮೇಲೆ ಹುಲ್ಲಿನ ಹಗ್ಗ ಬಿಚ್ಚಿ ಕೆಳಗೆ ಎಸೆದಳು.

"ಇನ್ನು ಈ ಮನೆ ನಿಲ್ಲಲ್ಲ," ಎಂದಳು. "ಊರಿಗೋಸ್ಕರ ಯಾರಾದರೂ ಕಟ್ತಾ ಇರಬೇಕಂತಲ್ಲ. ಕಟ್ಟಿ." ನಂತರ ಚಾಪೆಯ ಮೇಲಿದ್ದವರ ಕಡೆ ತಿರುಗಿ, "ನಮ್ಮ ಬೀದಿಯಲ್ಲಿ ಜಾಗ ಬೇಕಾದಷ್ಟಿದೆ. ಅಲ್ಲಿ ಹುಲ್ಲಿನ ಹಗ್ಗ. ಬರೋರು ಬನ್ನಿ" ಎಂದಳು.

ಮೊದಲು ಎದ್ದವಳು ಸೊಸೆ. ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡಳು. ಉಳಿದವರೂ ಎದ್ದರು. ಯಜಮಾನನೂ ಅವರ ಹಿಂದೆ ಮೆಟ್ಟಿಲಿಳಿದ. ಸೊಸೆ ತಿರುಗಿ ನೋಡಿ, "ನೀವು ಕೂತ್ಕೊಳ್ಳಿ ಮಾವ," ಎಂದಳು. ಜನ ಬಿಟ್ಟ ದಾರಿ ಮುಚ್ಚಿಕೊಂಡಿತು.

ಅವನು ಅಗಿಯುವವನ ತೋಳು ಹಿಡಿದುಕೊಂಡ. "ಅಗಿಯೋ. ನಿಂಗೇನು ಬೇಕು? ಅಗಿ."

ಅಗಿಯುವವನು ಒಳಗೆ ಹೋದ. ಅವನ ವಸಡಿನಲ್ಲಿ ಹೊಸ ಹಲ್ಲು ಬಿಳಿಯಾಗಿ ಮೂಡುತ್ತಿದ್ದವು. ಹಗ್ಗಕ್ಕೆ ತುಟಿ ತಾಗಿಸಿ ಮೂಸಿದ. ಹೊರಗೆ ಬಂದ.

"ಇದರಲ್ಲಿ ನಿನ್ನೆ ಅನ್ನೋದಿಲ್ಲ ಯಜಮಾನ್ರೇ. ನಾನು ಅಗಿಯೋದು ನಿನ್ನೇದು."

ಯಜಮಾನನ ಕೈ ಆಗಲೇ ಗಾರೆಯ ಕಡೆ ಚಾಚಿತ್ತು.

ಊರು ಮತ್ತೆ ಕಟ್ಟತೊಡಗಿತು. ಅವಳು ಮನೆಮನೆಗೆ ಹೋಗಿ ಹೇಳಿದಳು, ಹುಟ್ಟುವ ಪ್ರತಿ ಹೊಸ ಮನೆಯಲ್ಲೂ ಹೇಳಿದಳು: ಗಾಳಿ ಸುಣ್ಣ ನಾತರೆ ಹಗ್ಗ ಕೊಟ್ಟುಬಿಡಿ. ಎಲ್ಲರೂ ಕೊಡಿ. ಈಗ ಆ ಊರಿನಲ್ಲಿ ಬೆಳಗಾದರೆ ಪ್ರತಿ ಹೊಸ್ತಿಲಲ್ಲೂ ಹಳೆಯ ಹಗ್ಗ ಕೈಗಿಟ್ಟು, "ಬೇಗ ಅಗಿ ಮಾಮ" ಎನ್ನುತ್ತಾರೆ. ಮಕ್ಕಳೂ ಎನ್ನುತ್ತಾರೆ, ಯಾರ ಮಾತೆಂದು ತಿಳಿಯದೆ.

ಅವಳೊಬ್ಬಳು ಎನ್ನುವುದಿಲ್ಲ.

"ನಿನ್ನೇದು ಕೊಡಕ್ಕ."

ಅವಳು ಹಗ್ಗವನ್ನು ಅವನ ಮುಖಕ್ಕೆ ಬಡಿಯುವ ಹಾಗೆ ಎಸೆಯುತ್ತಾಳೆ. "ಅಗಿ," ಎನ್ನುತ್ತಾಳೆ, ಅಷ್ಟೇ. ಅವನು ಅಗಿದು ನಾರು ಕೊಡುತ್ತಾನೆ. ಅವಳು ಅದನ್ನು ಹುಲ್ಲಿನ ಜೊತೆ ಸೇರಿಸಿ, ಸದ್ದಿಲ್ಲದ ಬಲಗೋಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ. ಅಲ್ಲಿಂದ ಮನೆಗಳ ಮಾಡುಗಳ ಮೇಲೆ ಯಜಮಾನನ ಗೋಡೆ ಕಾಣುತ್ತದೆ. ಅದರ ನೆತ್ತಿಯಲ್ಲಿ ಒಬ್ಬ ಮುದುಕ, ಒಂದು ಕಲ್ಲು ಇಟ್ಟು ಆಕಾಶ ನೋಡುತ್ತಾನೆ, ಇನ್ನೊಂದು ಕಲ್ಲು ಇಟ್ಟು ಆಕಾಶ ನೋಡುತ್ತಾನೆ. ಗೋಡೆ ನಿನ್ನೆಗಿಂತ ಎತ್ತರವಾಗಿದೆ.